ಪ್ರಾಣಿ ಕಾನೂನಿಗೆ ಕೈಹಾಕುವ ಲಾ ವಿದ್ಯಾರ್ಥಿಗಳಿಗೆ: ದಾವಣಗೆರೆ, ಚಿತ್ರದುರ್ಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನಗಿನ್ನೂ ಸನ್ನದು ಸಿಕ್ಕಿಲ್ಲ. ನನ್ನಿಂದ ಏನಾದೀತು?

ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವುದೊಂದನ್ನು ಬಿಟ್ಟರೆ ಬಹುಪಾಲು ಎಲ್ಲವೂ ಆಗುತ್ತದೆ. ಠಾಣೆಗೆ ದೂರು ಕೊಡಲು, ಮಾಹಿತಿ ಹಕ್ಕಿನ ಅರ್ಜಿ ಹಾಕಲು, ಸಾಕ್ಷಿ ಹೇಳಲು, ಮಹಜರಿಗೆ ಪಂಚರಾಗಲು ವಕೀಲರೇ ಆಗಬೇಕಿಲ್ಲ. ಸನ್ನದಿಲ್ಲದೆ ವಕಾಲತ್ತು ನಡೆಸಿದರೆ ಮಾತ್ರ 1961ರ ವಕೀಲರ ಕಾಯಿದೆಯ ಸೆಕ್ಷನ್ 45ರಡಿ 6 ತಿಂಗಳವರೆಗೆ ಜೈಲು. ಹಾಗಾಗಿ ಠಾಣೆಗೆ ಕರಿ ಕೋಟು ಹಾಕಿಕೊಂಡು ಹೋಗುವ ಆಸೆಯನ್ನು ಮೊದಲು ಬಿಡಿ.

ನಮ್ಮ ಕಡೆ ಪ್ರಾಣಿ ಪ್ರಕರಣಗಳು ಬಿದ್ದುಹೋಗುವುದು ಹೆಚ್ಚಾಗಿ ಕಾಗದಪತ್ರದಲ್ಲೇ: ತಪ್ಪು ಸೆಕ್ಷನ್, ತಪ್ಪು ಕಚೇರಿ, ಮೀರಿದ ಗಡುವು. ಅದನ್ನು ಸರಿಪಡಿಸುವಷ್ಟು ವಿದ್ಯೆ ಮೂರನೇ ಸೆಮಿಸ್ಟರ್‌ನವರ ಬಳಿಯೂ ಇರುತ್ತದೆ.

ಪ್ರಾಣಿಹಿಂಸೆಗೆ ದಂಡ ಬರೀ 50 ರೂಪಾಯಿ ಅಂತೆ. ಕೇಸ್ ಹಾಕಿ ಏನು ಬಂತು?

1960ರ ಪ್ರಾಣಿ ಹಿಂಸಾಚಾರ ತಡೆ ಕಾಯಿದೆಯ ಸೆಕ್ಷನ್ 11ರಡಿ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಅಂಕಿಗಳು ದಶಕಗಳಿಂದ ಹಾಗೇ ಇವೆ. ಇವತ್ತು 50 ರೂಪಾಯಿಗೆ ದಾವಣಗೆರೆಯಲ್ಲಿ ಒಂದು ಬೆಣ್ಣೆದೋಸೆ ಬಂದರೆ ಹೆಚ್ಚು. ಜಲ್ಲಿಕಟ್ಟು ಕುರಿತ 2014ರ ನಾಗರಾಜ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ದಂಡ ಹೆಚ್ಚಿಸಬೇಕೆಂದು ಸಂಸತ್ತಿನತ್ತ ಬೆರಳು ತೋರಿಸಿತ್ತು.

ಆದರೂ ಈ ಕಾಯಿದೆಯನ್ನು ಬಿಟ್ಟುಬಿಡುವಂತಿಲ್ಲ. ಇದರ ಬಲ ಇರುವುದು ದಂಡದಲ್ಲಲ್ಲ, ಪ್ರಾಣಿಯನ್ನು ಹಿಂಸಿಸುವವನ ಕೈಯಿಂದ ಬಿಡಿಸುವುದರಲ್ಲಿ. ವಿಚಾರಣೆ ಮುಗಿಯುವವರೆಗೆ ಅದನ್ನು ಆರೈಕೆ ಕೇಂದ್ರದಲ್ಲಿಡಲು ಸೆಕ್ಷನ್ 35 ಇದೆ. ಅಪರಾಧ ಸಾಬೀತಾದ ಮೇಲೆ ಒಡೆತನವನ್ನೇ ಕಿತ್ತುಕೊಳ್ಳಲು ಸೆಕ್ಷನ್ 29 ಇದೆ. ವಶಪಡಿಸಿಕೊಂಡ ಪ್ರಾಣಿಗಳ ಪಾಲನೆಗೆ 2017ರ ನಿಯಮಗಳಿವೆ. ವಶಕ್ಕೆ ಬಂದ ಎತ್ತು, ಕುದುರೆ, ನಾಯಿಯನ್ನು ಮಾಲೀಕ ವಾರದೊಳಗೆ ಬಿಡಿಸಿಕೊಂಡು ಹೋಗುವುದು ಮಾಮೂಲು. ಮಧ್ಯಂತರ ವಶಕ್ಕೆ ಅವನ ಅರ್ಜಿ ಬರುತ್ತದೆ, ಎದುರು ಅರ್ಜಿ ಹಾಕುವವರು ಯಾರೂ ಇರುವುದಿಲ್ಲ. ಆ ಎದುರು ಅರ್ಜಿಯ ಕರಡು, ಪಶುವೈದ್ಯರ ವರದಿ, ಪ್ರಾಣಿಯನ್ನು ಸಾಕಲು ಒಪ್ಪಿದ ಗೋಶಾಲೆಯ ಪತ್ರ ಇವಿಷ್ಟು ಒಂದೇ ದಿನದಲ್ಲಿ ಸಿದ್ಧವಾಗಿ ವಕೀಲರ ಮೇಜು ತಲುಪಿದರೆ ಅರ್ಧ ಕೆಲಸ ಮುಗಿದಂತೆ.

‘ಇದು ನಾನ್ ಕಾಗ್ನಿಜಬಲ್, ಕೋರ್ಟಿಗೆ ಹೋಗಿ’ ಎಂದು ಠಾಣೆಯಲ್ಲಿ ವಾಪಸ್ ಕಳಿಸುತ್ತಾರೆ. ಅವರು ಹೇಳುವುದು ಸರಿಯೇ?

ಅರ್ಧ ಸರಿ. 1960ರ ಕಾಯಿದೆಯ ಸೆಕ್ಷನ್ 31ರ ಪ್ರಕಾರ ಸೆಕ್ಷನ್ 11(1)ರ ಎಲ್, ಎನ್, ಓ ಉಪಖಂಡಗಳು ಮತ್ತು ಸೆಕ್ಷನ್ 12 ಮಾತ್ರ ಸಂಜ್ಞೇಯ (ಕಾಗ್ನಿಜಬಲ್), ಅಂದರೆ ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದವು. ಎಲ್ ಎಂದರೆ ಅಂಗಹೀನ ಮಾಡುವುದು ಅಥವಾ ಕ್ರೂರವಾಗಿ ಕೊಲ್ಲುವುದು, ಎನ್ ಎಂದರೆ ಕಾಳಗದ ಜಾಗ ನಡೆಸುವುದು, ಓ ಎಂದರೆ ಬಿಟ್ಟ ಪ್ರಾಣಿಗೆ ಗುಂಡು ಹೊಡೆಯುವ ಪಂದ್ಯ. ಹಾಲು ಹೆಚ್ಚಿಸಲು ಕೆಟ್ಟ ವಿಧಾನ ಅನುಸರಿಸುವುದಕ್ಕೆ ಸೆಕ್ಷನ್ 12. ಹೊಡೆಯುವುದು, ಉಪವಾಸ ಕೆಡವುವುದು, ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಅತಿಭಾರ ಹೇರುವುದು ಅಸಂಜ್ಞೇಯ.

ಸಂಜ್ಞೇಯ ಸೆಕ್ಷನ್ ಒಂದಾದರೂ ಜೊತೆಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) ಸೆಕ್ಷನ್ 174(4) ಇಡೀ ಪ್ರಕರಣವನ್ನು ಸಂಜ್ಞೇಯ ಎಂದೇ ಪರಿಗಣಿಸುತ್ತದೆ. ಪ್ರಾಣಿ ಸತ್ತಿದ್ದರೆ ಅಥವಾ ಅಂಗ ಊನವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ. ಅದಕ್ಕೆ 5 ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯ 428, 429ರಲ್ಲಿದ್ದ 10 ರೂಪಾಯಿ, 50 ರೂಪಾಯಿ ಬೆಲೆಯ ಲೆಕ್ಕ ಈಗಿಲ್ಲ. ಹಾಗೆಂದು ಕೈಕಾಲು ನೆಟ್ಟಗಿರುವ ಎತ್ತಿನ ಪ್ರಕರಣಕ್ಕೂ 325 ತುರುಕಬೇಡಿ. ಮೊದಲ ವಿಚಾರಣೆಯಲ್ಲೇ ಅದು ಉದುರುತ್ತದೆ, ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಠಾಣೆಯಲ್ಲಿ ನಿರಾಕರಿಸಿದರೆ ಜಗಳ ಬೇಡ. ದೂರಿನ ಎರಡನೇ ಪ್ರತಿಗೆ ಸೀಲು ಮತ್ತು ದಿನಾಂಕದ ಸ್ವೀಕೃತಿ ಕೇಳಿ. ಕೊಡದಿದ್ದರೆ ಅದೇ ದಿನ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸುರಕ್ಷಾ ಸಂಹಿತೆಯ ಸೆಕ್ಷನ್ 173(4) ಹೇಳುವ ದಾರಿ ಇದೇ. ಅದಾದ ಮೇಲೆ ಮ್ಯಾಜಿಸ್ಟ್ರೇಟ್. ವರಿಷ್ಠಾಧಿಕಾರಿಯ ಮೆಟ್ಟಿಲು ಹತ್ತದೆ ನೇರ ಕೋರ್ಟಿಗೆ ಹೋದ ಅರ್ಜಿಗಳು ಆ ಒಂದೇ ಕಾರಣಕ್ಕೆ ವಾಪಸ್ ಬರುತ್ತವೆ.

ಪೂರ್ತಿ ಅಸಂಜ್ಞೇಯವಾದರೆ ಅದೇ ಸಂಹಿತೆಯ ಸೆಕ್ಷನ್ 223ರಡಿ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು. ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ಕೋರ್ಟು ದೂರನ್ನು ಕೈಗೆತ್ತಿಕೊಳ್ಳುವ ಮೊದಲೇ ಆರೋಪಿಗೆ ಅಹವಾಲು ಹೇಳಲು ಅವಕಾಶ ಕೊಡಬೇಕೆಂದು ಹೊಸ ಸಂಹಿತೆ ಸೇರಿಸಿದೆ, ಹಾಗಾಗಿ ಮೊದಲಿಗಿಂತ ನಿಧಾನ.

ಗಡುವು ಏನಾದರೂ ಇದೆಯೇ?

ಇದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. 1960ರ ಕಾಯಿದೆಯ ಸೆಕ್ಷನ್ 36: ಕೃತ್ಯ ನಡೆದ ದಿನದಿಂದ 3 ತಿಂಗಳು ಮೀರಿದ ಮೇಲೆ ಈ ಕಾಯಿದೆಯಡಿ ಪ್ರಾಸಿಕ್ಯೂಷನ್ ಹೂಡುವಂತಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿಯಲಿ ಎಂದು ಕಾದರೆ ಗಡುವೂ ಮುಗಿದಿರುತ್ತದೆ. ಎರಡು ತಿಂಗಳೊಳಗೆ ದೂರು ಕೋರ್ಟಿನಲ್ಲಿರಲಿ. ನ್ಯಾಯ ಸಂಹಿತೆಯ 325ಕ್ಕೆ ಈ ಮೂರು ತಿಂಗಳ ಮಿತಿ ಅನ್ವಯವಾಗುವುದಿಲ್ಲ.

325ನೇ ಸೆಕ್ಷನ್ ಬೀದಿನಾಯಿಗೂ ಅನ್ವಯಿಸುತ್ತದೆಯೇ? ಅದಕ್ಕೆ ಮಾಲೀಕರೇ ಇಲ್ಲವಲ್ಲ?

ಮೂಟ್ ಕೋರ್ಟಿಗೆ ಹೇಳಿಮಾಡಿಸಿದ ಪ್ರಶ್ನೆ. 325 ನಿಂತಿರುವುದು ‘ಕಿಡಿಗೇಡಿತನ’ದ ಮೇಲೆ, ಅದರ ಬುಡ ಸೆಕ್ಷನ್ 324ರ ಸ್ವತ್ತುಹಾನಿ. ಬೀದಿನಾಯಿ ಯಾರ ಸ್ವತ್ತು ಎಂದು ಆರೋಪಿಯ ವಕೀಲರು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಎರಡು ಎಳೆ: ನಷ್ಟ ‘ಸಾರ್ವಜನಿಕರಿಗೆ’ ಆದರೂ ಸಾಕು ಎಂದು 324 ಹೇಳುತ್ತದೆ, ಮತ್ತು 325 ‘ಯಾವುದೇ ಪ್ರಾಣಿ’ ಎನ್ನುತ್ತದೆ. ದೂರಿನಲ್ಲಿ ಆ ಬೀದಿಯಲ್ಲಿ ಯಾರು ಎಷ್ಟು ದಿನದಿಂದ ಅನ್ನ ಹಾಕುತ್ತಿದ್ದರು, ಸಂತಾನಹರಣಕ್ಕೆ ಪಾಲಿಕೆಯೇ ಹಣ ಕೊಟ್ಟಿತ್ತೇ ಎಂಬ ವಿವರ ಸೇರಿಸಿದರೆ ವಾದಕ್ಕೆ ನೆಲೆ ಸಿಗುತ್ತದೆ.

ಬೀದಿಯಲ್ಲಿ ನಾಲ್ಕು ನಾಯಿ ವಿಷ ತಿಂದು ಸತ್ತಿವೆ. ಮೊದಲು ಏನು ಮಾಡಬೇಕು?

ಹೂಳಲು ಬಿಡಬೇಡಿ. ವಾಸನೆಗೆ ಹೆದರಿ ಪೌರಕಾರ್ಮಿಕರು ಬೆಳಗಿನ ಗಾಡಿಯಲ್ಲೇ ಸಾಗಿಸಿಬಿಡುತ್ತಾರೆ, ಅಲ್ಲಿಗೆ ಪ್ರಕರಣ ಮುಗಿಯಿತು. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಕಳೇಬರ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ನೆರಳಿಗೆ ಸರಿಸುವ ಮೊದಲು ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಸುತ್ತ ಬಿದ್ದಿರುವ ಮಾಂಸದ ತುಣುಕು, ಬ್ರೆಡ್ಡು, ವಾಂತಿ ಸೇರಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಕೀಟನಾಶಕ ಚರ್ಮದಿಂದಲೂ ಒಳಹೋಗುತ್ತದೆ. ಕಳೇಬರದ ಸುತ್ತ ಐಸ್ ಇಡಿ.

ನಂತರ ದೂರು. ದೂರಿನಲ್ಲೇ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸುವಂತೆ ಕೋರಿ. ಪೊಲೀಸರ ಕೋರಿಕೆ ಪತ್ರವಿಲ್ಲದೆ ವೈದ್ಯರು ಕೊಯ್ಯಲು ಹಿಂಜರಿಯುತ್ತಾರೆ, ಅವರದ್ದೇನೂ ತಪ್ಪಲ್ಲ. ವಿಷದ ಪರೀಕ್ಷೆಗೆ ಹೊಟ್ಟೆಯೊಳಗಿನ ಆಹಾರ, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳನ್ನು ಬೇರೆ ಬೇರೆ ಬಾಟಲಿಯಲ್ಲಿ ಗಟ್ಟಿ ಉಪ್ಪುನೀರಿನಲ್ಲಿ ಇಡಬೇಕು. ಉಪ್ಪು ಇನ್ನು ಕರಗುವುದಿಲ್ಲ ಎನ್ನುವಷ್ಟು ಗಟ್ಟಿ ಇರಬೇಕು. ಫಾರ್ಮಲಿನ್ ಹಾಕಿದರೆ ವಿಷದ ಪತ್ತೆ ಕೆಡುತ್ತದೆ, ಅದು ಅಂಗಾಂಶ ಪರೀಕ್ಷೆಗೆ ಮಾತ್ರ. ಬಾಟಲಿಗೆ ಸೀಲು, ಸೀಲಿನ ಮಾದರಿ ಪತ್ರದ ಮೇಲೆ, ಯಾರಿಂದ ಯಾರಿಗೆ ಯಾವಾಗ ಹೋಯಿತೆಂಬ ಬರಹ. ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ದಾವಣಗೆರೆಯಲ್ಲೇ ಇದೆ, ಆದರೂ ಮಾದರಿಗಳು ಠಾಣೆಯ ಕಪಾಟಿನಲ್ಲೇ ಉಳಿದುಬಿಡುವುದುಂಟು. ವಾರಕ್ಕೊಮ್ಮೆ ಹೋಗಿ ‘ಎಫ್‌ಎಸ್‌ಎಲ್‌ಗೆ ಕಳಿಸಿದ ದಿನಾಂಕ ಯಾವುದು’ ಎಂದು ವಿನಯದಿಂದ ಕೇಳುವುದೂ ಕಾನೂನು ಸೇವೆಯೇ.

ಹಿಂಸೆಯ ವಿಡಿಯೊ ವಾಟ್ಸಾಪ್‌ನಲ್ಲಿ ಬಂದಿದೆ. ಸಾಕ್ಷಿಯಾಗುತ್ತದೆಯೇ?

ಫಾರ್ವರ್ಡ್ ಆಗಿ ಬಂದದ್ದು ಸುಳಿವು ಮಾತ್ರ. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಮೂಲತಃ ಚಿತ್ರೀಕರಿಸಿದವರನ್ನು ಹುಡುಕಿ. ಮೂಲ ಫೈಲು ಅವರ ಫೋನಿನಲ್ಲೇ ಇರಲಿ, ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರಕ್ಕೆ ಎರಡು ಭಾಗ: ಫೋನಿನವರು ಸಹಿ ಹಾಕುವುದು ಮೊದಲನೆಯದು, ತಜ್ಞರದ್ದು ಎರಡನೆಯದು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲು ಒಂದಿಷ್ಟು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಗುರುತು) ಅದರಲ್ಲಿ ಬರೆಯಬೇಕು. ಹಿನ್ನೆಲೆಗೆ ಹಾಡು ಸೇರಿಸಿ, ಬಾಣದ ಗುರುತು ಹಾಕಿ ರೀಲ್ ಮಾಡಿದ ಪ್ರತಿಯನ್ನು ಕೋರ್ಟಿಗೆ ಕೊಟ್ಟರೆ ಹ್ಯಾಶ್ ತಾಳೆಯಾಗುವುದಿಲ್ಲ.

ಟಗರು ಕಾಳಗ ನಮ್ಮ ಭಾಗದ ಹಳೆಯ ಆಟ. ಅದನ್ನೂ ತಡೆಯಬೇಕೇ?

ಕಾನೂನಿನ ಮಟ್ಟಿಗೆ ಉತ್ತರ ಸರಳ: ಕಾಳಗಕ್ಕೆ ಬಿಡುವುದು 11(1)(ಎಂ), ಅಸಂಜ್ಞೇಯ. ಕಣ ಏರ್ಪಡಿಸುವುದು, ನಡೆಸುವುದು, ಪ್ರವೇಶಕ್ಕೆ ಹಣ ಪಡೆಯುವುದು 11(1)(ಎನ್), ಸಂಜ್ಞೇಯ. ಹಾಗಾಗಿ ಟಗರಿನ ಮಾಲೀಕರ ಹೆಸರಿಗಿಂತ ಆಯೋಜಕರ ಹೆಸರು, ಕರಪತ್ರ, ಬಹುಮಾನದ ಫ್ಲೆಕ್ಸ್, ಪ್ರವೇಶ ಶುಲ್ಕದ ರಸೀದಿ ಮುಖ್ಯ. ಕಾಳಗಕ್ಕೆ ಎರಡು ದಿನ ಮೊದಲು ಠಾಣೆಗೂ ತಹಶೀಲ್ದಾರರಿಗೂ ಲಿಖಿತ ಮನವಿ ಕೊಟ್ಟರೆ ನಡೆಯುವ ಮೊದಲೇ ನಿಲ್ಲುವ ಸಾಧ್ಯತೆ ಹೆಚ್ಚು. ನಡೆಯುತ್ತಿರುವ ಕಣಕ್ಕೆ ಮೊಬೈಲ್ ಹಿಡಿದು ನುಗ್ಗಬೇಡಿ. ಅಲ್ಲಿ ಬಾಜಿಯ ದುಡ್ಡು ಇರುತ್ತದೆ.

ದುಗ್ಗಮ್ಮನ ಜಾತ್ರೆಯ ಕೋಣದ ವಿಷಯ?

ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗಲೆಲ್ಲ ದಾವಣಗೆರೆಯಲ್ಲಿ ಈ ಚರ್ಚೆ ಏಳುತ್ತದೆ. ಮೂರು ಕಾನೂನುಗಳು ಒಂದರ ಮೇಲೊಂದು ಕೂತಿರುವ ಅಪರೂಪದ ಪ್ರಸಂಗ ಇದು. 1960ರ ಕೇಂದ್ರ ಕಾಯಿದೆಯ ಸೆಕ್ಷನ್ 28, ಧರ್ಮ ಬಯಸುವ ರೀತಿಯಲ್ಲಿ ಕೊಲ್ಲುವುದು ಆ ಕಾಯಿದೆಯಡಿ ಅಪರಾಧವಲ್ಲ ಎನ್ನುತ್ತದೆ. ‘ಹಾಗಾದರೆ ಬಲಿ ಕಾನೂನುಬದ್ಧ’ ಎಂದು ಹಲವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ 1959ರ ಕರ್ನಾಟಕ ಪ್ರಾಣಿ ಬಲಿ ಪ್ರತಿಬಂಧಕ ಅಧಿನಿಯಮ ಹಿಂದೂ ದೇವಸ್ಥಾನ ಮತ್ತು ಅದರ ಆವರಣದಲ್ಲಿ ಬಲಿಯನ್ನು ನಿಷೇಧಿಸುತ್ತದೆ. ‘ಆ ಕಾಯಿದೆಯಡಿ’ ಅಪರಾಧವಲ್ಲ ಎಂಬ ವಿನಾಯಿತಿ ರಾಜ್ಯದ ಬೇರೊಂದು ಕಾಯಿದೆಗೆ ಅನ್ವಯಿಸುವುದಿಲ್ಲ. ಮೇಲೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಅಧಿನಿಯಮ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ‘ಜಾನುವಾರು’ ಎಂದೇ ಕರೆಯುತ್ತದೆ. ಅದರ ಶಿಕ್ಷೆ 3ರಿಂದ 7 ವರ್ಷ.

ಸಲಹೆ: ಜಾತ್ರೆಯ ದಿನ ಘೋಷಣೆ ಕೂಗುವ ಬದಲು ತಿಂಗಳ ಮೊದಲೇ ಮೂರು ಕಾಯಿದೆಗಳ ಕುರಿತು ಎರಡು ಪುಟದ ಕನ್ನಡ ಟಿಪ್ಪಣಿ ಬರೆದು ಜಿಲ್ಲಾಡಳಿತಕ್ಕೆ, ದೇವಸ್ಥಾನದ ಸಮಿತಿಗೆ ಕೊಡಿ. ಹರಕೆ ಹೊತ್ತ ಮನೆಯವರನ್ನು ಆಡಿಕೊಳ್ಳುವ ಭಾಷೆ ಅದರಲ್ಲಿ ಒಂದು ಸಾಲೂ ಇರಬಾರದು.

ಎತ್ತಿನ ಗಾಡಿ ಓಟ?

ಕಂಬಳ, ಹೋರಿ ಅಥವಾ ಎತ್ತಿನ ಗಾಡಿ ಓಟಕ್ಕೆ ಕರ್ನಾಟಕದ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಓಟವೇ ಅಕ್ರಮ ಎಂಬ ವಾದ ಈಗ ನಿಲ್ಲದು. ಮೊಳೆಕೋಲು, ಕಣ್ಣಿಗೆ ಖಾರ, ಅತಿಯಾದ ಹೊಡೆತ ಮಾತ್ರ ಪ್ರಶ್ನಿಸಬಹುದು. ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆ ಈ ‘ಓಟ’ದೊಳಗೆ ಬರುತ್ತದೆಯೇ ಎಂಬುದು ಒಳ್ಳೆಯ ಸಂಶೋಧನಾ ಪ್ರಬಂಧದ ವಸ್ತು.

ಬಿಸಿಲಲ್ಲಿ ಮರಳು, ಇಟ್ಟಿಗೆ ಎಳೆಯುವ ಎತ್ತುಗಳ ಬಗ್ಗೆ ಯಾರಾದರೂ ಏನಾದರೂ ಹೇಳುತ್ತಾರೆಯೇ?

1965ರ ನಿಯಮಗಳು ಹೇಳುತ್ತವೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಲ್ಲ, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚಲ್ಲ, ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಮೊಳೆ ಇರುವ ಕೋಲು, ನೊಗ ಎರಡೂ ನಿಷಿದ್ಧ. ಹರಿಹರದಿಂದ ಹಿರಿಯೂರಿನವರೆಗೆ ಬೇಸಿಗೆಯಲ್ಲಿ ಬಿಸಿಲು ಈ 37 ಡಿಗ್ರಿಯನ್ನು ಆಗಾಗ ದಾಟುತ್ತದೆ. ಭಾರದ ಮಿತಿಯೂ ಇದೆ, ಆದರೆ ಅದು ಎತ್ತಿನ ತೂಕ ಮತ್ತು ಗಾಲಿಯ ಬಗೆಯ ಮೇಲೆ ಬದಲಾಗುತ್ತದೆ, ವೇಬ್ರಿಜ್ ಚೀಟಿಯಿಲ್ಲದೆ ಸಾಬೀತಾಗದು. ಗಾಡಿಯವರ ಹೊಟ್ಟೆಪಾಡು ಇದರಲ್ಲಿದೆ. ಮೊದಲ ಹೆಜ್ಜೆ ದೂರಲ್ಲ, ಗಾಡಿ ನಿಲ್ಲುವ ಕಡೆ ಸಮಯದ ಫಲಕ ಮತ್ತು ನೀರಿನ ತೊಟ್ಟಿ ಹಾಕಿಸಲು ಪಾಲಿಕೆಗೆ ಮನವಿ.

ಹೆದ್ದಾರಿಯಲ್ಲಿ ಜಾನುವಾರು ತುಂಬಿದ ಲಾರಿ ಕಂಡರೆ ತಡೆಯಬಹುದೇ?

ಇಲ್ಲ. ತಡೆದರೆ ನೀವೇ ನ್ಯಾಯ ಸಂಹಿತೆಯ ಸೆಕ್ಷನ್ 126ರ ಆರೋಪಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ತಡೆದು ಹಣ ಕೀಳುವ, ಹೊಡೆಯುವ ಗುಂಪುಗಳ ಜೊತೆ ನಿಮ್ಮ ಹೆಸರೂ ಸೇರಿಬಿಡುತ್ತದೆ. ವಾಹನದ ಸಂಖ್ಯೆ, ದಿಕ್ಕು, ಸಮಯ, ದಾಟಿದ ಟೋಲ್ ಹೇಳಿ 112ಕ್ಕೆ ಕರೆ ಮಾಡಿ. ನಂತರದ ದೂರಿನಲ್ಲಿ ಸಾಗಣೆ ನಿಯಮಗಳ 56ನೇ ನಿಯಮ ಬಳಸಿ: ಒಂದು ಲಾರಿಗೆ 6ಕ್ಕಿಂತ ಹೆಚ್ಚು ಜಾನುವಾರು ಇಲ್ಲ, ಜಾರದ ಹಾಸು, ಒಬ್ಬ ಆಳು, ಬೇರೆ ಸರಕು ಇಲ್ಲ. ಈ ಲೆಕ್ಕ ಚಾಲಕನ ಜಾತಿ, ಧರ್ಮ ನೋಡುವುದಿಲ್ಲ. ಹಾಲಿನ ಡೇರಿಗೆ ಹೋಗುವ ಲಾರಿಗೂ ಇದೇ ನಿಯಮ.

ಬೀದಿನಾಯಿ ವಿಷಯದಲ್ಲಿ ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬೇಕು?

ಮಾಹಿತಿ ಹಕ್ಕಿನಿಂದ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಜವಾಬ್ದಾರಿ ಸ್ಥಳೀಯ ಸಂಸ್ಥೆಯದ್ದು: ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಚಿತ್ರದುರ್ಗದಲ್ಲಿ ನಗರಸಭೆ. ಶಸ್ತ್ರಚಿಕಿತ್ಸೆ ಮಾಡುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು, ಮೇಲ್ವಿಚಾರಣಾ ಸಮಿತಿ ಇರಬೇಕು.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ ಶುಲ್ಕ. ನಾಲ್ಕು ವಿಷಯ ಒಟ್ಟಿಗೆ ತುರುಕಿದ ಅರ್ಜಿ ತಿರಸ್ಕೃತವಾಗುತ್ತದೆ. ಆದ್ದರಿಂದ ನಾಲ್ವರು ನಾಲ್ಕು ಅರ್ಜಿ ಹಾಕಿ: ಎರಡು ವರ್ಷದ ತಿಂಗಳುವಾರು ಶಸ್ತ್ರಚಿಕಿತ್ಸೆಯ ಸಂಖ್ಯೆ, ಸಂಸ್ಥೆಯ ಮಾನ್ಯತಾ ಪತ್ರದ ಪ್ರತಿ, ಸಮಿತಿ ಸಭೆಗಳ ನಡಾವಳಿ, ಪಾವತಿಸಿದ ಬಿಲ್ಲುಗಳ ಪ್ರತಿ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ‘ಯಾಕೆ’ ದಾಖಲೆಯಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದೇ ದಾರಿಯಲ್ಲಿ ಜಿಲ್ಲಾ ಪ್ರಾಣಿ ದಯಾ ಸಂಘದ ಸಭೆಯ ನಡಾವಳಿಯನ್ನೂ ಕೇಳಿ. 2001ರ ನಿಯಮಗಳು ಪ್ರತಿ ಜಿಲ್ಲೆಯಲ್ಲೂ ಅಂಥ ಸಂಘ ಇರಬೇಕೆನ್ನುತ್ತವೆ, ಕಾಗದದ ಮೇಲಷ್ಟೇ ಇರುವ ಸಂಘ ಎಚ್ಚರವಾಗುವುದು ಇಂಥ ಅರ್ಜಿಗೇ.

ಸುಪ್ರೀಂ ಕೋರ್ಟಿನ 2025ರ ಆದೇಶಗಳನ್ನು ಸುದ್ದಿ ಶೀರ್ಷಿಕೆಯಿಂದ ಅಲ್ಲ, ಮೂಲದಿಂದ ಓದಿ. ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಲ್ಲೇ ಇಡಬೇಕೆಂದಿದ್ದ ಆಗಸ್ಟ್ 11ರ ಆದೇಶವನ್ನು ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬದಲಿಸಿ, ಸಂತಾನಹರಣ ಮತ್ತು ಲಸಿಕೆಯಾದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಬೇಕೆಂದಿತು. ರೇಬೀಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳಿಗೆ ಇದು ಅನ್ವಯವಿಲ್ಲ. ನವೆಂಬರ್ 7ರ ಆದೇಶ ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ತೆಗೆದು ಅಲ್ಲಿಗೆ ಮರಳಿ ಬಿಡಬಾರದೆಂದಿತು. ನಿಮ್ಮ ಕಾಲೇಜು ಆವರಣವೂ ಇದರಲ್ಲಿ ಬರುತ್ತದೆ. ಮನವಿ ಬರೆಯುವ ದಿನ ಅದಕ್ಕಿಂತ ಹೊಸ ಆದೇಶವಿದೆಯೇ ಎಂದು ನೋಡಿಕೊಳ್ಳಿ.

ಪಂಜರದ ಗಿಳಿ, ಕರಡಿ, ಕೊಂಡುಕುರಿ ಇವೆಲ್ಲ ಯಾರ ವ್ಯಾಪ್ತಿ?

ಅರಣ್ಯ ಇಲಾಖೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. 2022ರ ತಿದ್ದುಪಡಿಯ ನಂತರ ಪಟ್ಟಿಗಳು ಆರರಿಂದ ನಾಲ್ಕಾಗಿವೆ, ಹಳೆಯ ಪಠ್ಯಪುಸ್ತಕ ನೋಡಿ ಪಟ್ಟಿಯ ಸಂಖ್ಯೆ ಬರೆಯಬೇಡಿ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ), ಜೋಗಿಮಟ್ಟಿ ಸುತ್ತಲಿನ ಕರಡಿ, ನವಿಲು ಮೊದಲ ಪಟ್ಟಿಯಲ್ಲಿವೆ. ಗಿಳಿಶಾಸ್ತ್ರದವರ ಪಂಜರದ ಗಿಳಿ ಎರಡನೆಯದರಲ್ಲಿ. ಇಲಾಖೆ ಸುಮ್ಮನಿದ್ದರೆ ಸೆಕ್ಷನ್ 55ರಂತೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೋರ್ಟಿಗೆ ದೂರು ಸಲ್ಲಿಸಬಹುದು. ನೋಟಿಸ್‌ನ ಅಂಚೆ ರಸೀದಿ ಕಳೆದುಕೊಂಡರೆ ಮತ್ತೆ 60 ದಿನ.

ಪ್ರಾಣಿ ಕಾನೂನು ಅಂದರೆ ಬರೀ ನಾಯಿ, ದನವೇ?

ಹುಲ್ಲುಗಾವಲೂ ಹೌದು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಕುರಿಗಾಹಿಗಳ ಪ್ರಶ್ನೆ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಆ ಕಡತಗಳಲ್ಲಿ ಭೂಕಂದಾಯ, ಪರಿಸರ, ಪಶುಪಾಲನೆ ಮೂರೂ ಸೇರಿವೆ. ಕುರುಬ, ಮ್ಯಾಸಬೇಡ ಸಮುದಾಯದ ವಿದ್ಯಾರ್ಥಿಗಳಿಗೆ ಮನೆಯಲ್ಲೇ ಸಾಕ್ಷಿಗಳಿದ್ದಾರೆ. ದೆಹಲಿಯ ಸಂಶೋಧಕರಿಗೆ ಆ ಅನುಕೂಲ ಇಲ್ಲ.

ಕಾಲೇಜಿನಲ್ಲಿ ಪ್ರಾಣಿ ಕಾನೂನು ಕೋಶ ಕಟ್ಟುವುದು ಹೇಗೆ?

ಆರು ಜನ ಸಾಕು. ಕಾನೂನು ನೆರವು ಘಟಕದ ಅಡಿಯಲ್ಲೇ ಶುರುಮಾಡಿ, ಪ್ರತ್ಯೇಕ ಅನುಮತಿಗೆ ಓಡಾಡುವುದು ತಪ್ಪುತ್ತದೆ. ಒಬ್ಬ ಅಧ್ಯಾಪಕರು, ಸಲಹೆಗೆ ಒಪ್ಪಿದ ಒಬ್ಬ ವಕೀಲರು, ಒಬ್ಬ ಪಶುವೈದ್ಯರು ಬೇಕು. ವೈದ್ಯರಿಲ್ಲದ ಕೋಶ ಕುಂಟುತ್ತದೆ. ಒಂದು ದಾಖಲೆ ಪುಸ್ತಕವಿರಲಿ: ದೂರಿನ ದಿನ, ಸೆಕ್ಷನ್, ಸ್ವೀಕೃತಿ ಸಂಖ್ಯೆ, ಮೂರು ತಿಂಗಳು ಮುಗಿಯುವ ದಿನಾಂಕ ಕೆಂಪು ಶಾಯಿಯಲ್ಲಿ. ಅಂತಿಮ ವರ್ಷದವರು ಹೊರಟಾಗ ಕೋಶ ಸಾಯುವುದು ಎಲ್ಲವೂ ಅವರ ಫೋನಿನಲ್ಲಿದ್ದುದರಿಂದ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರಾಗಿ ಲಾ ವಿದ್ಯಾರ್ಥಿಗಳೂ ಸೇರಬಹುದು. ಹಳ್ಳಿಗಳಲ್ಲಿ ಮಾತಾಡಲು ಆ ಗುರುತು ಬಹಳ ನೆರವಾಗುತ್ತದೆ.

ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರುತ್ತದೆಯೇ?

ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ, ಸ್ವಯಂಸೇವಾ ಸಂಸ್ಥೆಗಳಲ್ಲೂ ಮಾಡಬಹುದು. ಹೋಗುವ ಮೊದಲೇ ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ನಾಯಿ ಗೂಡು ತೊಳೆದ ನಾಲ್ಕು ವಾರಕ್ಕೆ ಪ್ರಮಾಣಪತ್ರ ಸಿಗುತ್ತದೆ, ಅಂಕ ಸಿಗುವುದಿಲ್ಲ. ಕರಡು ಬರೆಸುವ ಕಡೆ ಹೋಗಿ.

ಇದರಿಂದಲೇ ಹೊಟ್ಟೆ ತುಂಬುತ್ತದೆಯೇ?

ಈ ಎರಡು ಜಿಲ್ಲೆಗಳಲ್ಲಿ ಇದೊಂದರಿಂದಲೇ ಕಷ್ಟ. ಪಶು ವಿಮೆ, ಕೋಳಿ ಫಾರಂ ಒಪ್ಪಂದ, ಡೇರಿ ಸಹಕಾರ ಸಂಘದ ವ್ಯಾಜ್ಯಗಳ ಜೊತೆ ಸೇರಿಸಿಕೊಂಡರೆ ನಡೆಯುತ್ತದೆ. ನಮ್ಮ ಜಿಲ್ಲೆಗಳ ರಿಟ್ ಅರ್ಜಿಗಳು ಹೋಗುವುದು ಧಾರವಾಡಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ. ಅಲ್ಲಿ ಒಬ್ಬ ವಕೀಲರ ಪರಿಚಯ ಈಗಿನಿಂದಲೇ ಇರಲಿ.

ಮಾಂಸ ತಿನ್ನುವವರು ಸೇರಬಹುದೇ?

ಧಾರಾಳವಾಗಿ. ಕಾಯಿದೆ ತಟ್ಟೆ ನೋಡುವುದಿಲ್ಲ.

ಫೀಲ್ಡಿಗೆ ಇಳಿಯುವ ಮೊದಲು ಏನಾದರೂ ಸಿದ್ಧತೆ?

ರೇಬೀಸ್ ಮುನ್ನೆಚ್ಚರಿಕೆ ಲಸಿಕೆ ಮೂರು ಡೋಸ್: 0, 7, ಮತ್ತು 21 ಅಥವಾ 28ನೇ ದಿನ. ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಮೊದಲೇ ಲಸಿಕೆ ತೆಗೆದುಕೊಂಡಿದ್ದರೂ ಕಚ್ಚಿದ ಮೇಲೆ ಮತ್ತೆ ಡೋಸ್ ಬೇಕೇ ಬೇಕು. ಫೋನಿನಲ್ಲಿ ಮೂರು ಸಂಖ್ಯೆ ಉಳಿಸಿಕೊಳ್ಳಿ: ಗಾಯಗೊಂಡ ಜಾನುವಾರಿಗೆ 1962, ಕಾಡುಪ್ರಾಣಿಗೆ 1926, ಪೊಲೀಸರಿಗೆ 112. ಕರೆ ಮಾಡಿದ ಸಮಯವನ್ನು ಅಲ್ಲೇ ಬರೆದಿಟ್ಟುಕೊಳ್ಳಿ, ಮುಂದೆ ಪಾಟೀ ಸವಾಲಿನಲ್ಲಿ ಮೊದಲು ಕೇಳುವುದು ಅದನ್ನೇ.